‘ಪಥೇರ್ ಪಾಂಚಾಲಿ’ಯಲ್ಲಿ ಪ್ರತೀಕ ಮತ್ತು ಮುಗ್ಧತೆಯ ಅಳಿವು

೧

ಕಾದಂಬರಿಯೊಂದರಲ್ಲಿ ಪ್ರತೀಕಗಳನ್ನು ಗುರುತಿಸುವುದು ನಮ್ಮ ಕಾಲೇಜುಗಳಲ್ಲಿ ಒಂದು ರೂಢಿಯಾಗಿ ಪರಿಣಮಿಸಿದೆ. ಕೃತಿಯಲ್ಲಿ ಮರಳಿ ಮರಳಿ ಬರುವ ವಸ್ತುವೊಂದನ್ನು ಎತ್ತಿಕೊಂಡು, ಅದರ ಎದುರಿಗೆ ಒಂದು ಭಾವವಾಚಕ ಪದವನ್ನು ಬರೆದರೆ ವಿಮರ್ಶೆಯ ಕಾರ್ಯ ಮುಗಿಯಿತೆಂದು ವಿದ್ಯಾರ್ಥಿಗಳು ಭಾವಿಸುವುದುಂಟು. ವಿಭೂತಿಭೂಷಣ ವಂದ್ಯೋಪಾಧ್ಯಾಯರ ಬಂಗಾಳಿ ಕಾದಂಬರಿಯಾದ ‘ಪಥೇರ್ ಪಾಂಚಾಲಿ’ ಈ ರೂಢಿಗೆ ಬಹು ಸುಲಭವಾಗಿ ತುತ್ತಾಗಬಲ್ಲ ಕೃತಿ. ರೈಲು ಆಧುನಿಕ ನಾಗರಿಕತೆಯ ಪ್ರತೀಕ, ಬಿದಿರುಮೆಳೆ ಪ್ರಕೃತಿಯ ಪ್ರತೀಕ, ದಾರಿ ಜೀವನಯಾತ್ರೆಯ ಪ್ರತೀಕ ಎಂದು ಮೂರು ವಾಕ್ಯಗಳಲ್ಲಿ ಉತ್ತರ ಸಿದ್ಧವಾಗುತ್ತದೆ. ಈ ವಾಕ್ಯಗಳು ಸುಳ್ಳೆಂದು ಹೇಳುವಂತಿಲ್ಲ. ಆದರೆ ಇವನ್ನು ಬರೆಯಲು ಕಾದಂಬರಿಯನ್ನು ಓದಬೇಕಾದ ಅಗತ್ಯವೇ ಇಲ್ಲವೆಂಬುದು ಇವುಗಳ ದೊಡ್ಡ ಕೊರತೆ.

ಪ್ರಕೃತ ಲೇಖನದ ಉದ್ದೇಶ ಈ ಕೃತಿಯ ಪ್ರತೀಕಗಳನ್ನು ಅವು ಹುಟ್ಟಿದ ನೆಲದಲ್ಲಿಯೇ ಇಟ್ಟು ನೋಡುವುದು. ಆ ನೆಲ ಬಡತನದ್ದು. ಬಡವರ ಮನೆಯಲ್ಲಿ ಪ್ರತಿಯೊಂದು ವಸ್ತುವಿಗೂ ಬೆಲೆಯಿದೆ; ಇಲ್ಲದ ವಸ್ತುವಿಗೆ ಇರುವ ವಸ್ತುವಿಗಿಂತ ಹೆಚ್ಚಿನ ಬೆಲೆಯಿದೆ. ‘ಪಥೇರ್ ಪಾಂಚಾಲಿ’ಯ ಪ್ರತೀಕಗಳೆಲ್ಲವೂ ಮೊದಲು ಕೊರತೆಗಳು; ಕೊರತೆಗಳಾದುದರಿಂದಲೇ ಅವು ಪ್ರತೀಕಗಳಾಗುವ ಶಕ್ತಿಯನ್ನು ಪಡೆದುವು. ಹೀಗೆ ನೋಡಿದಾಗ, ಬಾಲಕನಾದ ಅಪುವಿನ ಮುಗ್ಧತೆ ಎಲ್ಲಿ, ಯಾವ ಬಗೆಯಲ್ಲಿ ಅಳಿಯಿತೆಂಬ ಪ್ರಶ್ನೆಗೂ ಒಂದು ಖಚಿತವಾದ ಉತ್ತರ ದೊರೆಯುತ್ತದೆಂದು ನಮ್ಮ ಅಭಿಪ್ರಾಯ.

೨

ವಿಭೂತಿಭೂಷಣರು (೧೮೯೪-೧೯೫೦) ಭಾಗಲಪುರದ ಕಡೆಯ ಒಂದು ಜಮೀನುದಾರಿಯಲ್ಲಿ ಉದ್ಯೋಗದಲ್ಲಿದ್ದ ಕಾಲದಲ್ಲಿ ಈ ಕಾದಂಬರಿಯನ್ನು ರಚಿಸಿದರು. ಅದು ೧೯೨೮-೨೯ರಲ್ಲಿ ‘ವಿಚಿತ್ರಾ’ ಎಂಬ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ೧೯೨೯ರಲ್ಲಿ ಪುಸ್ತಕರೂಪವನ್ನು ತಾಳಿತು. ಪಾಂಚಾಲಿಯೆಂಬುದು ಬಂಗಾಳದ ಒಂದು ಕಥನಗೀತ ಪ್ರಕಾರದ ಹೆಸರು. ದಾರಿಯ ಹಾಡುಗಥೆ ಎಂದು ಕೃತಿಯ ಹೆಸರನ್ನು ಅರ್ಥೈಸಬಹುದು. ಲೇಖಕರ ತಂದೆ ಮಹಾನಂದರು ಸಂಸ್ಕೃತವನ್ನು ಬಲ್ಲವರು, ಪುರಾಣ ಹೇಳುವ ವೃತ್ತಿಯವರು. ಕಾದಂಬರಿಯ ಹರಿಹರ ರಾಯನೂ ಅದೇ ವೃತ್ತಿಯವನು. ಇಚ್ಛಾಮತೀ ನದಿಯ ತೀರದ ಗ್ರಾಮಜೀವನವನ್ನು ಲೇಖಕರು ಸ್ವತಃ ಬಾಳಿ ತಿಳಿದವರು.

ಕಥೆ ಸರಳವಾದದ್ದು. ನಿಶ್ಚಿಂದಿಪುರವೆಂಬ ಹಳ್ಳಿಯಲ್ಲಿ ಹರಿಹರ, ಅವನ ಹೆಂಡತಿ ಸರ್ವಜಯಾ, ಮಗಳು ದುರ್ಗಾ, ಮಗ ಅಪು ಎಂಬ ನಾಲ್ವರ ಬ್ರಾಹ್ಮಣ ಕುಟುಂಬ. ಚಿಂತೆಯಿಲ್ಲದ ಊರೆಂಬ ಅರ್ಥವನ್ನು ಧ್ವನಿಸುವ ಆ ಹೆಸರಿನ ಊರಿನಲ್ಲಿ ಚಿಂತೆಯಿಲ್ಲದ ದಿನವೇ ಸರ್ವಜಯೆಗೆ ಇಲ್ಲ. ಗ್ರಂಥ ಮೂರು ಭಾಗಗಳಾಗಿದೆ. ಮೊದಲ ಭಾಗದ ಹೆಸರು ‘ಬಲ್ಲಾಳೀ ಬಾಲಾಯಿ’. ಬಂಗಾಳದ ಕುಲೀನ ವಿವಾಹಪದ್ಧತಿಯನ್ನು ಸೇನವಂಶದ ಬಲ್ಲಾಳಸೇನನು ಏರ್ಪಡಿಸಿದನೆಂದು ಐತಿಹ್ಯವಿದೆ. ತಮ್ಮನ್ನು ಕರ್ಣಾಟ ಕ್ಷತ್ರಿಯರೆಂದು ಕರೆದುಕೊಂಡ ಅರಸರ ಮನೆತನ ಅದೆಂಬುದನ್ನು ಕನ್ನಡ ವಾಚಕರು ಇಲ್ಲಿ ಸ್ಮರಿಸಬಹುದು. ಆ ಪದ್ಧತಿಗೆ ಬಲಿಯಾದವಳು ಇಂದಿರ ಠಾಕ್ರುಣ್ ಎಂಬ ಮುದುಕಿ. ಅನೇಕ ಹೆಂಡಿರನ್ನು ಕಟ್ಟಿಕೊಂಡ ಕುಲೀನನೊಬ್ಬನಿಗೆ ಹೆಸರಿಗೆ ಮಾತ್ರ ಹೆಂಡತಿಯಾಗಿ, ದೂರದ ಬಂಧುವಾದ ಹರಿಹರನ ಮನೆಯಲ್ಲಿ ಹಂಗಿನ ಅನ್ನವನ್ನುಂಡು, ಸರ್ವಜಯೆಯ ಕಟುವಚನದಿಂದ ಹೊರಬಿದ್ದು, ಆಕೆ ಪರರ ಮನೆಯಂಗಳದಲ್ಲಿ ಪ್ರಾಣಬಿಡುತ್ತಾಳೆ. ಆಗ ಅಪು ಇನ್ನೂ ಹಸುಳೆ. ಎರಡನೆಯ ಭಾಗ ‘ಆಮ್ ಆಂಟಿರ್ ಭೇಂಪು’, ಎಂದರೆ ಮಾವಿನ ಓಟೆಯ ಪೀಪಿ. ಅಕ್ಕತಮ್ಮಂದಿರ ಬಾಲ್ಯ, ದುರ್ಗೆಯ ಮರಣ, ಕುಟುಂಬ ಊರು ಬಿಡುವುದು ಇದರ ವಸ್ತು. ಮೂರನೆಯದು ‘ಅಕ್ರೂರ ಸಂವಾದ’. ಕಾಶಿಯಲ್ಲಿ ಹರಿಹರನ ಸಾವು, ಸರ್ವಜಯೆ ಶ್ರೀಮಂತರ ಮನೆಯಲ್ಲಿ ಅಡುಗೆಯವಳಾಗುವುದು, ಊರಿಗಾಗಿ ಅಪುವಿನ ಹಂಬಲ. ಕೃಷ್ಣನನ್ನು ಬೃಂದಾವನದಿಂದ ಮಧುರೆಗೆ ಕರೆದೊಯ್ಯಲು ಬಂದವನು ಅಕ್ರೂರ. ಬಾಲ್ಯದಿಂದ ಶಾಶ್ವತವಾಗಿ ಹೊರಟುಹೋಗುವುದೆಂಬ ಅರ್ಥ ಆ ಹೆಸರಿನಲ್ಲಿಯೇ ಅಡಗಿದೆ.

ಪಾಠ ಹೇಳುವವರು ಒಂದು ವಿಷಯವನ್ನು ಲಕ್ಷ್ಯದಲ್ಲಿಡುವುದು ಉಚಿತ. ೧೯೬೮ರಲ್ಲಿ ಪ್ರಕಟವಾದ ಕ್ಲಾರ್ಕ್ ಮತ್ತು ತಾರಾಪದ ಮುಖರ್ಜಿಯವರ ಇಂಗ್ಲಿಷ್ ಅನುವಾದ ಕುಟುಂಬ ಊರನ್ನು ಬಿಟ್ಟುಹೊರಡುವಲ್ಲಿಗೆ ಕಥೆಯನ್ನು ನಿಲ್ಲಿಸುತ್ತದೆ. ಮೂರನೆಯ ಭಾಗ ಅದರಲ್ಲಿಲ್ಲ. ಸತ್ಯಜಿತ್ ರಾಯರ ೧೯೫೫ರ ಚಲನಚಿತ್ರವೂ ಅಲ್ಲಿಯೇ ಮುಗಿಯುತ್ತದೆ. ಇವೆರಡರಿಂದ ಮಾತ್ರ ಕೃತಿಯನ್ನು ಬಲ್ಲವರಿಗೆ ಇದರ ಅಂತ್ಯ ಬೇರೆಯೇ ಆಗಿ ತೋರುವುದು ಸಹಜ.

೩

ಎರಡನೆಯ ಭಾಗದ ಆರಂಭದಲ್ಲಿ ಲೇಖಕರು ಅಪುವಿನ ಆಟದ ಸಾಮಾನಿನ ತಗಡಿನ ಪೆಟ್ಟಿಗೆಯನ್ನು ನಮ್ಮೆದುರಿಗೆ ತೆರೆಯುತ್ತಾರೆ. ಬಣ್ಣ ಹೋದ ಮರದ ಕುದುರೆ, ತಗ್ಗು ಬಿದ್ದ ತಗಡಿನ ಪೀಪಿ, ಎರಡು ಕಾಸಿನ ಪಿಸ್ತೂಲು, ಒಣಗಿದ ಕಾಡುಕಾಯಿಗಳು, ಕುಂಟಾಟಕ್ಕೆ ಬೇಕಾದ ಹೆಂಚಿನ ಚೂರುಗಳು, ಕೆಲವು ಕವಡೆಗಳು. ಈ ಕವಡೆಗಳನ್ನು ತಾಯಿಯ ಲಕ್ಷ್ಮೀಪೂಜೆಯ ಬುಟ್ಟಿಯಿಂದ ಅವನು ಯಾರಿಗೂ ಕಾಣದಂತೆ ತೆಗೆದುಕೊಂಡಿದ್ದಾನೆ. ಓದುತ್ತಿರುವಾಗ ಇದು ಬರಿಯ ಪಟ್ಟಿಯೆಂದೇ ತೋರುತ್ತದೆ. ಆದರೆ ಮುಂದಿನ ಕಥೆಯ ಬೀಜಗಳೆಲ್ಲ ಇದರಲ್ಲಿವೆ. ಬೆಲೆಯನ್ನು ಹೇಳುವ ಅಭ್ಯಾಸವನ್ನು ಗಮನಿಸಬೇಕು; ಈ ಲೋಕದಲ್ಲಿ ಆಟಿಕೆಗೂ ಕಾಸಿನ ಲೆಕ್ಕವಿದೆ. ಮನೆಯೊಳಗಿನ ಬುಟ್ಟಿಯಿಂದ ಮಗು ತೆಗೆದುಕೊಂಡ ಕವಡೆಗೆ ಕಳವೆಂಬ ಹೆಸರಿಲ್ಲವೆಂಬುದನ್ನೂ ಗಮನಿಸಬೇಕು. ಅದೇ ಕೈ ಪಕ್ಕದ ಮನೆಯ ವಸ್ತುವನ್ನು ಮುಟ್ಟಿದರೆ ಅದಕ್ಕೆ ಬೇರೊಂದು ಹೆಸರು ಬರುತ್ತದೆ.

ನಮ್ಮ ಅಲಂಕಾರಶಾಸ್ತ್ರದಲ್ಲಿ ಆನಂದವರ್ಧನನು ವ್ಯಂಗ್ಯಾರ್ಥವನ್ನು ಬಯಸುವವನು ವಾಚ್ಯಾರ್ಥವನ್ನು ಆದರಿಸಲೇಬೇಕೆಂದು ವಾದಿಸಿ, ಬೆಳಕನ್ನು ಬಯಸುವವನು ದೀಪವನ್ನು ಜೋಪಾನಮಾಡುವ ಉದಾಹರಣೆಯನ್ನು ಕೊಡುತ್ತಾನೆ. ಪ್ರತೀಕದ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ವಸ್ತು ವಸ್ತುವಾಗಿ ಮೊದಲು ಓದುಗನ ಅನುಭವಕ್ಕೆ ಬರಬೇಕು. ಕವಡೆ ಕವಡೆಯಾಗಿ, ಎಣ್ಣೆ ಎಣ್ಣೆಯಾಗಿ, ಸಿಹಿ ಸಿಹಿಯಾಗಿ ಮನಸ್ಸಿಗೆ ತಾಗದೆ ಅವುಗಳ ಧ್ವನಿ ಹೊಮ್ಮುವುದಿಲ್ಲ.

ಇದಕ್ಕೆ ಒಂದು ಚಿಕ್ಕ ನಿದರ್ಶನ ಹದ್ದಿನ ಮೊಟ್ಟೆಯ ಪ್ರಸಂಗ. ರಣಹದ್ದಿನ ಮೊಟ್ಟೆಯಲ್ಲಿ ಪಾದರಸ ತುಂಬಿ ಬಾಯಲ್ಲಿಟ್ಟುಕೊಂಡರೆ ಆಕಾಶದಲ್ಲಿ ಹಾರಬಹುದೆಂದು ತಂದೆಯ ಹಳೆಯ ಪುಸ್ತಕವೊಂದರಲ್ಲಿ ಅಪು ಓದುತ್ತಾನೆ. ತನ್ನ ಕವಡೆಗಳನ್ನೂ ಪುಡಿಕಾಸನ್ನೂ ತೆತ್ತು ದನಕಾಯುವ ಹುಡುಗನಿಂದ ಮೊಟ್ಟೆಗಳನ್ನು ಕೊಳ್ಳುತ್ತಾನೆ. ದೀಪದ ಬತ್ತಿಗೆ ಚಿಂದಿಬಟ್ಟೆಯನ್ನು ಹುಡುಕುತ್ತಿದ್ದ ದುರ್ಗೆಯ ಕೈತಾಗಿ ಅವು ಬಿದ್ದು ಒಡೆಯುತ್ತವೆ. ಮೊಟ್ಟೆ ಹಾರುವ ಆಸೆಯ ಪ್ರತೀಕವೆಂದು ಹೇಳಿ ಮುಗಿಸಿದರೆ ಪ್ರಸಂಗದ ಅರ್ಧಭಾಗ ಕೈಬಿಟ್ಟುಹೋಗುತ್ತದೆ. ತಮ್ಮನು ತನ್ನ ಸಂಪತ್ತೆಲ್ಲವನ್ನೂ ಕೊಟ್ಟು ಕೊಂಡದ್ದು ಅಕ್ಕನು ಮನೆಗೆಲಸಕ್ಕಾಗಿ ಚಿಂದಿ ಅರಸುವಾಗ ಒಡೆಯಿತೆಂಬಲ್ಲಿ ಬಡತನವೇ ಆಸೆಗೆ ಅಡ್ಡಬಂದಿದೆ. ಯಾರ ತಪ್ಪೂ ಇಲ್ಲದೆ ಆದ ಹಾನಿ ಅದು.

೪

ಮುಗ್ಧತೆಯೆಂದರೇನೆಂಬುದನ್ನು ಈಗ ನಿಶ್ಚಯಿಸಿಕೊಳ್ಳಬೇಕು. ಪಾಪದ ಅರಿವಿಲ್ಲದಿರುವುದು ಮುಗ್ಧತೆಯೆಂದು ಸಾಮಾನ್ಯವಾದ ತಿಳಿವಳಿಕೆ. ಈ ಕಾದಂಬರಿಯ ಮಕ್ಕಳಿಗೆ ಆ ಲಕ್ಷಣ ಹೊಂದುವುದಿಲ್ಲ. ದುರ್ಗಾ ಪರರ ತೋಟದ ಹಣ್ಣನ್ನು ಆಯ್ದು ತರುತ್ತಾಳೆ. ಅದು ತಪ್ಪೆಂದು ಬಲ್ಲಳು. ಅಪುವೂ ಬಲ್ಲನು. ಆದರೆ ಬಲ್ಲದ್ದನ್ನು ಬಚ್ಚಿಡುವ ಕಲೆ ಅವನಿಗೆ ತಿಳಿಯದು.

ಮಾವಿನ ಮಿಡಿಯ ಪ್ರಸಂಗ ಇದಕ್ಕೆ ಸಾಕ್ಷಿ. ತಾಯಿ ಸ್ನಾನಕ್ಕೆ ಹೋದ ಸಮಯದಲ್ಲಿ ದುರ್ಗಾ ಮಿಡಿಗಳನ್ನು ಹೆಚ್ಚಿ, ಎಣ್ಣೆ ಉಪ್ಪು ತರುವಂತೆ ತಮ್ಮನಿಗೆ ಮೆಲ್ಲಗೆ ಹೇಳುತ್ತಾಳೆ. ಎಣ್ಣೆಯ ಒಂದು ತೊಟ್ಟೂ ನೆಲಕ್ಕೆ ಬೀಳಬಾರದು, ಬಿದ್ದರೆ ಅಮ್ಮನಿಗೆ ತಿಳಿಯುತ್ತದೆಂದು ಎಚ್ಚರಿಕೆ. ಉಳ್ಳವರ ಮನೆಯಲ್ಲಿ ಒಂದು ತೊಟ್ಟು ಎಣ್ಣೆಯ ಲೆಕ್ಕವನ್ನು ಯಾರು ಇಡುತ್ತಾರೆ? ಇಬ್ಬರೂ ತಿಂದು ಗುರುತು ಉಳಿಯದಂತೆ ಎಲ್ಲವನ್ನೂ ಸರಿಪಡಿಸುತ್ತಾರೆ. ತಾಯಿ ಮರಳಿ ಬಂದು ತಿನ್ನಲು ಏನನ್ನೋ ಕೊಟ್ಟಾಗ, ಹುಳಿಗೆ ಹಲ್ಲು ಜುಮ್ಮೆನ್ನುತ್ತಿದೆಯೆಂದು ಅಪು ಆಡಿಬಿಡುತ್ತಾನೆ. ಅಕ್ಕನ ಕಣ್ಸನ್ನೆಯ ಅರ್ಥ ಅವನಿಗಾಗುವ ವೇಳೆಗೆ ಗುಟ್ಟು ಹೊರಬಿದ್ದಿರುತ್ತದೆ.

ಮುಗ್ಧತೆಯ ಲಕ್ಷಣ ಇಲ್ಲಿದೆ. ಒಳಗೂ ಹೊರಗೂ ಗೋಡೆಯಿಲ್ಲದ ಮನಸ್ಸು ಅದು. ಬಾಯಿಗೆ ಹುಳಿ ತಾಗಿದರೆ ಮಾತಿಗೂ ತಾಗುತ್ತದೆ. ದುರ್ಗಾ ಆಗಲೇ ಈ ಅವಸ್ಥೆಯನ್ನು ದಾಟಿದ್ದಾಳೆ. ಅವಳು ಹಿರಿಯಳು, ಹೆಣ್ಣುಮಗು, ಮನೆಯ ಹಸಿವನ್ನು ಹೆಚ್ಚು ದಿನಗಳಿಂದ ಬಲ್ಲವಳು. ಬಡವರ ಮನೆಯಲ್ಲಿ ಬಚ್ಚಿಡುವುದು ದಿನನಿತ್ಯದ ವಿದ್ಯೆ. ಸರ್ವಜಯಾ ನೆರೆಹೊರೆಯವರಿಂದ ತನ್ನ ಮನೆಯ ಬರಿದಾದ ಪಾತ್ರೆಗಳನ್ನು ಮರೆಮಾಡುತ್ತಾಳೆ. ದುರ್ಗಾ ತಾಯಿಯಿಂದ ಕಾಡಿನ ಹಣ್ಣನ್ನು ಮರೆಮಾಡುತ್ತಾಳೆ. ಈ ವಿದ್ಯೆಯನ್ನು ಕಲಿಯದೆ ಉಳಿದವನು ಅಪು ಒಬ್ಬನೇ. ಅವನು ಇದನ್ನು ಹೇಗೆ ಕಲಿತನೆಂಬುದೇ ಕಾದಂಬರಿಯ ಅಂತರಂಗದ ಕಥೆಯೆಂದು ಹೇಳಬಹುದು.

೫

ಆ ಕಲಿಕೆಯ ಮೊದಲ ಪಾಠ ಕರುಣೆಯದು. ಮಧ್ಯಾಹ್ನದ ಹೊತ್ತು ತಾಯಿ ಕಾಶೀರಾಮದಾಸನ ಮಹಾಭಾರತವನ್ನು ಓದುವಾಗ ಕರ್ಣನ ಕಥೆಗೆ ಅಪು ಕಣ್ಣೀರಿಡುತ್ತಾನೆ. ರಥದ ಗಾಲಿ ನೆಲದಲ್ಲಿ ಹೂತು, ಆಯುಧವಿಲ್ಲದೆ ನಿಂತ ವೀರ ಸೋಲುವುದನ್ನು ಅವನ ಮನಸ್ಸು ಸಹಿಸದು. ಗೆದ್ದವನಾದ ಅರ್ಜುನನಿಗಿಂತ ಸೋತವನಾದ ಕರ್ಣನೇ ಅವನಿಗೆ ಹತ್ತಿರದವನು. ಪಂಪಭಾರತವನ್ನು ಓದಿದ ಕನ್ನಡಿಗರಿಗೆ ಈ ಮರುಕ ಪರಿಚಿತವಾದದ್ದೇ. ಇಲ್ಲಿ ಗಮನಿಸಬೇಕಾದದ್ದು, ಈ ಮರುಕ ಇನ್ನೂ ಕಥೆಯೊಳಗಿನ ಮರುಕವೆಂಬುದು. ಅದು ಬಿದಿರುಮೆಳೆಯಲ್ಲಿ ಆಡುವ ಯುದ್ಧದಾಟವಾಗಿ ಮುಂದುವರಿಯುತ್ತದೆ. ತನ್ನ ಮನೆಯೊಳಗೇ ಮರುಕಕ್ಕೆ ಪಾತ್ರರಾದವರಿದ್ದಾರೆಂದು ಅವನಿಗೆ ತಿಳಿಯದು.

ಅದು ತಿಳಿಯುವುದು ತಂದೆಯೊಡನೆ ಶಿಷ್ಯನಾದ ಲಕ್ಷ್ಮಣ ಮಹಾಜನನ ಮನೆಗೆ ಹೋದಾಗ. ಆ ಅನುಕೂಲಸ್ಥರ ಮನೆಯ ಸೊಸೆಯೊಬ್ಬಳು ಅವನಿಗೆ ಮೋಹನಭೋಗವನ್ನು, ಎಂದರೆ ನಮ್ಮ ಸಜ್ಜಿಗೆಯಂಥ ಸಿಹಿಯನ್ನು, ಮಾಡಿ ಬಡಿಸುತ್ತಾಳೆ. ಅದರಲ್ಲಿ ಧಾರಾಳವಾಗಿ ತುಪ್ಪವಿದೆ, ಒಣದ್ರಾಕ್ಷಿಯಿದೆ. ಅಪು ಬೆರಗಾಗುತ್ತಾನೆ. ಅಮ್ಮನೂ ಮೋಹನಭೋಗವನ್ನು ಮಾಡಿಕೊಟ್ಟಿದ್ದಳು. ಅದು ಬರಿಯ ನೀರಿನಲ್ಲಿ ರವೆಯನ್ನು ಬೇಯಿಸಿ ಬೆಲ್ಲ ಕೂಡಿಸಿದ್ದು. ಅದನ್ನೇ ಅವನು ಇಷ್ಟುದಿನ ಅತ್ಯುತ್ತಮವೆಂದು ನಂಬಿದ್ದನು. ತಾವು ಬಡವರೆಂಬ ವಿಚಾರ ಆಗ ಅವನಿಗೆ ಹೊಳೆಯುತ್ತದೆ. ಅದರೊಡನೆಯೇ ತಾಯಿಯ ಮೇಲೆ ಅಪಾರವಾದ ಕನಿಕರ ಹುಟ್ಟುತ್ತದೆ.

ಒಂದೇ ಹೆಸರಿನ ಎರಡು ತಿಂಡಿಗಳ ನಡುವಿನ ಅಂತರದಲ್ಲಿ ಬಡತನವನ್ನು ಲೇಖಕರು ಅಳೆದು ತೋರಿಸಿದ್ದಾರೆ. ಇಲ್ಲಿ ಒಂದು ಹೋಲಿಕೆ ಉಪಯುಕ್ತವಾದೀತು. ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ (೧೮೬೦-೬೧) ಕಾದಂಬರಿಯ ಪಿಪ್ ಎಂಬ ಹುಡುಗನೂ ಸಿರಿವಂತರ ಮನೆಯೊಂದಕ್ಕೆ ಹೋದಾಗಲೇ ತನ್ನ ಬಡತನವನ್ನು ಅರಿಯುತ್ತಾನೆ. ಅಲ್ಲಿ ಎಸ್ಟೆಲಾ ಅವನ ಒರಟು ಕೈಗಳನ್ನೂ ದಪ್ಪ ಬೂಟುಗಳನ್ನೂ ಹೀಗಳೆಯುತ್ತಾಳೆ. ಆ ಅರಿವು ಅವನಲ್ಲಿ ನಾಚಿಕೆಯಾಗಿ ಬೇರೂರುತ್ತದೆ. ತನ್ನನ್ನು ಪ್ರೀತಿಯಿಂದ ಸಾಕಿದ ಕಮ್ಮಾರ ಜೋನ ವಿಷಯದಲ್ಲಿಯೂ ನಾಚುವಂತೆ ಮಾಡುತ್ತದೆ. ಅಪುವಿಗೆ ಅದೇ ಅರಿವು ಪ್ರೀತಿಯಿಂದ ಬಡಿಸಿದ ಕೈಯಿಂದ ಬಂದಿತು. ಆದುದರಿಂದ ಅದು ನಾಚಿಕೆಯ ಬದಲು ಕನಿಕರವಾಯಿತು. ಇಬ್ಬರ ಮುಗ್ಧತೆಯೂ ಹೋಲಿಕೆಯಿಂದಲೇ ಅಳಿಯಿತು. ಆದರೆ ಒಬ್ಬನನ್ನು ಅದು ಮನೆಯಿಂದ ದೂರಮಾಡಿದರೆ ಇನ್ನೊಬ್ಬನನ್ನು ಮನೆಗೆ ಇನ್ನಷ್ಟು ಹತ್ತಿರಮಾಡಿತು. ಬಡತನವನ್ನು ಅರಿಯುವುದರ ಫಲ ಏಕರೂಪವಾದದ್ದಲ್ಲವೆಂಬುದಕ್ಕೆ ಇವೆರಡು ಪ್ರಸಂಗಗಳು ಉತ್ತಮ ನಿದರ್ಶನಗಳು.

೬

ರೈಲಿನ ವಿಚಾರವನ್ನು ಈಗ ಎತ್ತಿಕೊಳ್ಳಬಹುದು. ಬಿಳಿಯ ಕಾಶಕುಸುಮಗಳ ಬಯಲಿನಲ್ಲಿ ಅಕ್ಕತಮ್ಮಂದಿರು ರೈಲಿನ ಕಡೆಗೆ ಓಡುವ ದೃಶ್ಯ ರಾಯರ ಚಿತ್ರವನ್ನು ನೋಡಿದವರ ಕಣ್ಣಿನಲ್ಲಿ ಅಚ್ಚೊತ್ತಿ ನಿಂತಿದೆ. ಕಾದಂಬರಿಯಲ್ಲಿ ಆ ದೃಶ್ಯವಿಲ್ಲ. ಕಾದಂಬರಿಯ ದುರ್ಗಾ ರೈಲನ್ನು ನೋಡುವುದೇ ಇಲ್ಲ.

ಒಮ್ಮೆ ಕಳೆದುಹೋದ ಕರುವನ್ನು ಅರಸುವ ನೆಪದಲ್ಲಿ ಇಬ್ಬರೂ ರೈಲುದಾರಿಯನ್ನು ನೋಡಲು ಓಡುತ್ತಾರೆ. ದಾರಿ ತಪ್ಪಿ, ಏನನ್ನೂ ಕಾಣದೆ ಹಿಂದಿರುಗುತ್ತಾರೆ. ಮುಂದೆ ತಂದೆಯೊಡನೆ ಹೋಗುವಾಗ ಅಪು ರೈಲುಹಳಿಗಳನ್ನು ದಾಟುತ್ತಾನೆ. ರೈಲು ಬರುವವರೆಗೂ ನಿಲ್ಲೋಣವೆಂದು ಅವನ ಹಟ; ಅದಕ್ಕೆ ಬಹಳ ಹೊತ್ತಿದೆಯೆಂದು ತಂದೆ ಒಪ್ಪುವುದಿಲ್ಲ. ಮನೆಗೆ ಮರಳಿದ ಮೇಲೆ ಅವನು ಅಮೃತಬಳ್ಳಿಯನ್ನು ಎಳೆದು ಕಟ್ಟಿ ತಂತಿಯ ಸಾಲನ್ನು ಮಾಡಿ ರೈಲಿನ ಆಟವನ್ನು ಆಡುತ್ತಾನೆ. ಕೆಲಸದ ಅವಸರದಲ್ಲಿ ಬಂದ ಸರ್ವಜಯಾ ಅರಿಯದೆ ಆ ಬಳ್ಳಿಗಳನ್ನು ಹರಿದುಬಿಡುತ್ತಾಳೆ. ಜ್ವರದಿಂದ ಹಾಸಿಗೆ ಹಿಡಿದ ದುರ್ಗಾ, ತನಗೆ ಗುಣವಾದ ಮೇಲೆ ಒಂದು ದಿನ ರೈಲನ್ನು ತೋರಿಸುವೆಯಾ ಎಂದು ತಮ್ಮನನ್ನು ಕೇಳುತ್ತಾಳೆ. ಅವಳಿಗೆ ಗುಣವಾಗುವುದಿಲ್ಲ.

ಹೀಗೆ ಕೃತಿಯ ಬಹುಭಾಗದಲ್ಲಿ ರೈಲು ಕಾಣದಿರುವುದರಿಂದಲೇ ಇದೆ. ಅದು ಒಂದು ಈಡೇರದ ಮಾತು, ತೀರದ ಋಣ. ಕೊನೆಗೆ ಊರನ್ನು ಬಿಟ್ಟು ಹೊರಟ ಅಪು ಮಾಝೇರ್‌ಪಾಡಾ ನಿಲ್ದಾಣದಲ್ಲಿ ರೈಲನ್ನು ಕಾಣುತ್ತಾನೆ, ಅದರಲ್ಲಿ ಕುಳಿತು ಹೋಗುತ್ತಾನೆ. ಆಗ ಅವನ ಮನಸ್ಸಿಗೆ ಬರುವುದು ಅಕ್ಕನ ಚಿತ್ರ. ಊರ ಅಂಚಿನ ಮರದ ಕೆಳಗೆ ಬಾಡಿದ ಮುಖದಿಂದ ನಿಂತು ಅವಳು ತಮ್ಮ ಗಾಡಿಯನ್ನೇ ನೋಡುತ್ತಿರುವಂತೆ, ಅವಳನ್ನು ಎಲ್ಲರೂ ಬಿಟ್ಟು ಬಂದಂತೆ ಅವನಿಗೆ ಭಾಸವಾಗುತ್ತದೆ.

ರೈಲು ಆಧುನಿಕತೆಯ ಪ್ರತೀಕವೆಂಬ ಉತ್ತರದ ಅಪೂರ್ಣತೆ ಇಲ್ಲಿ ಸ್ಪಷ್ಟವಾಗುತ್ತದೆ. ಬಯಸಿದ ವಸ್ತು ದೊರೆತ ಕ್ಷಣದಲ್ಲಿಯೇ ಅದನ್ನು ಜೊತೆಯಲ್ಲಿ ಬಯಸಿದವಳು ಇಲ್ಲವಾಗಿದ್ದಾಳೆ. ಆಸೆ ಕೈಗೂಡುವುದೂ ಅಗಲಿಕೆಯೂ ಒಂದೇ ಗಾಡಿಯಲ್ಲಿ ಬಂದುವು. ಅಕ್ಕನಿಲ್ಲದ ಮೇಲೆ ಕಂಡ ರೈಲು ಅಪುವಿನ ಪಾಲಿಗೆ ಒಂದು ಅಪರಾಧದ ನೆನಪಾಗುತ್ತದೆ. ಅಪರಾಧ ಅವನದಲ್ಲದಿದ್ದರೂ ಅದರ ಭಾರ ಅವನದು. ಚಲನಚಿತ್ರದ ದೃಶ್ಯ ತನ್ನ ಕಲೆಗೆ ಉಚಿತವಾದದ್ದು, ಅದರ ಸೌಂದರ್ಯ ಪ್ರಶ್ನಾತೀತ. ಆದರೆ ಆ ದೃಶ್ಯವನ್ನು ಕಾದಂಬರಿಯ ಮೇಲೆ ಹೊರಿಸಿ ಓದಿದರೆ ಕಾದಂಬರಿಯ ಈ ಮರ್ಮ ಮರೆಯಾಗುತ್ತದೆ.

೭

ಕೃತಿಯ ಕೇಂದ್ರಪ್ರತೀಕ ರೈಲಿಗಿಂತಲೂ ಚಿಕ್ಕದಾದ ಒಂದು ವಸ್ತು, ಚಿನ್ನದ ಕುಂಕುಮಭರಣಿ. ದುರ್ಗೆಯ ಮೇಲೆ ಕಳ್ಳತನದ ಆರೋಪ ಎರಡು ಸಲ ಬರುತ್ತದೆ. ಮೊದಲ ಸಲ ಮುಖರ್ಜಿಯವರ ಮನೆಯ ಮಣಿಸರವೊಂದು ಅವಳ ಆಟದ ಪೆಟ್ಟಿಗೆಯಲ್ಲಿ ಸಿಕ್ಕಿ, ತಾಯಿಯೇ ಅವಳನ್ನು ಹೊಡೆಯುತ್ತಾಳೆ. ಎರಡನೆಯ ಸಲ ಅದೇ ಮನೆಯ ಚಿನ್ನದ ಭರಣಿ ಕಾಣೆಯಾಗುತ್ತದೆ. ಮನೆಯೊಡತಿ ದುರ್ಗೆಯನ್ನು ಹಿಡಿದು ಕ್ರೂರವಾಗಿ ದಂಡಿಸುತ್ತಾಳೆ. ದುರ್ಗಾ ತಾನು ತೆಗೆದಿಲ್ಲವೆನ್ನುತ್ತಾಳೆ. ಭರಣಿ ಸಿಗುವುದಿಲ್ಲ, ಓದುಗನ ಮನಸ್ಸು ಅವಳ ಪಕ್ಷದಲ್ಲಿಯೇ ಉಳಿಯುತ್ತದೆ.

ದುರ್ಗಾ ಸತ್ತ ಬಹುಕಾಲದ ಅನಂತರ, ಊರನ್ನು ಬಿಡುವ ಸಿದ್ಧತೆಯಲ್ಲಿ, ಅಪು ಎತ್ತರದ ಗೂಡಿನಲ್ಲಿ ಏನನ್ನೋ ಹುಡುಕುವಾಗ ಚಿಕ್ಕ ಮಡಕೆಯೊಂದು ಉರುಳಿ ಅದರೊಳಗಿಂದ ಆ ಭರಣಿ ಹೊರಬೀಳುತ್ತದೆ. ಅವನು ಅದನ್ನು ಹಿಡಿದು ನಿಲ್ಲುತ್ತಾನೆ. ಅನಂತರ ಮನೆಯ ಹಿಂದಿನ ಬಿದಿರುಮೆಳೆಯೊಳಕ್ಕೆ ಎಸೆದುಬಿಡುತ್ತಾನೆ. ಆ ವಿಷಯವನ್ನು ಯಾರಿಗೂ ಹೇಳುವುದಿಲ್ಲ, ತಾಯಿಗೂ ಹೇಳುವುದಿಲ್ಲ.

ಈ ಪ್ರಸಂಗವನ್ನು ಮಾವಿನ ಮಿಡಿಯ ಪ್ರಸಂಗದ ಪಕ್ಕದಲ್ಲಿಟ್ಟು ನೋಡಬೇಕು. ಅಂದು ಹುಳಿಯ ಗುಟ್ಟನ್ನು ಗಳಿಗೆ ಮಾತ್ರವೂ ಇಟ್ಟುಕೊಳ್ಳಲಾರದೆ ಅಕ್ಕನನ್ನು ಸಿಕ್ಕಿಹಾಕಿಸಿದ ಬಾಯಿ ಇಂದು ಚಿನ್ನದ ಗುಟ್ಟನ್ನು ನುಂಗಿಕೊಂಡಿತು. ಅಂದು ಅಕ್ಕ ಕಣ್ಸನ್ನೆ ಮಾಡಲು ಪಕ್ಕದಲ್ಲಿದ್ದಳು. ಇಂದು ಯಾರ ಸನ್ನೆಯೂ ಬೇಕಾಗಲಿಲ್ಲ. ಮುಗ್ಧತೆ ಅಳಿದ ಸ್ಥಳ ಇದೇ. ಅಕ್ಕ ಕಳ್ಳಿಯೆಂಬ ಅರಿವು ಅವನಿಗೆ ಬಂದಿತೆಂಬುದು ಅದರ ಹೊರಮೈ ಮಾತ್ರ. ಒಳಗೂ ಹೊರಗೂ ನಡುವೆ ಒಂದು ಗೋಡೆಯನ್ನು ಅವನು ತಾನಾಗಿಯೇ ಎಬ್ಬಿಸಿದನೆಂಬುದು ಮುಖ್ಯ. ಆ ಗೋಡೆಯನ್ನು ಎಬ್ಬಿಸಿದ್ದು ಪ್ರೀತಿ. ಸತ್ತವಳ ಮಾನವನ್ನು ಕಾಯಬೇಕೆಂದು, ತಾಯಿಯ ದುಃಖಕ್ಕೆ ನಾಚಿಕೆಯೊಂದು ಸೇರಬಾರದೆಂದು ಅವನು ಮೌನವನ್ನು ಆರಿಸಿಕೊಂಡನು. ಮುಗ್ಧತೆಯನ್ನು ಕಳೆದುಕೊಳ್ಳುವುದು ಯಾವಾಗಲೂ ಅಧಃಪಾತವೆಂದು ತಿಳಿಯುವವರಿಗೆ ಇಲ್ಲಿ ಉತ್ತರವಿದೆ. ಬಡವರ ಮನೆಯ ಬಚ್ಚಿಡುವ ವಿದ್ಯೆ ಅಪುವಿನ ಕೈಯಲ್ಲಿ ಒಂದು ಧರ್ಮವಾಯಿತು.

ಭರಣಿಯೇ ಏಕೆ, ಬೇರೆ ಯಾವುದೇ ಚಿನ್ನದ ವಸ್ತು ಏಕಲ್ಲ ಎಂದು ವಿದ್ಯಾರ್ಥಿಗಳು ಕೇಳಬಹುದು. ಕುಂಕುಮಭರಣಿ ಮುತ್ತೈದೆಯ ವಸ್ತು. ದುರ್ಗೆಯ ಮದುವೆಯ ಮಾತು ಒಮ್ಮೆ ಎದ್ದು ಅಲ್ಲಿಗೇ ನಿಂತುಹೋಗುತ್ತದೆ; ಬಡವನ ಮಗಳಿಗೆ ಆ ಭಾಗ್ಯ ಸುಲಭವಲ್ಲ. ಅವಳು ಕದ್ದದ್ದು ಚಿನ್ನದ ಬೆಲೆಗಾಗಿ ಅಲ್ಲವೆಂಬುದಕ್ಕೆ ಅದನ್ನು ಮಾರದೆ, ಯಾರಿಗೂ ತೋರಿಸದೆ ಮಡಕೆಯಲ್ಲಿ ಅಡಗಿಸಿಟ್ಟದ್ದೇ ಪ್ರಮಾಣ. ತನಗೆ ಬರದಿರುವ ಬಾಳಿನ ಒಂದು ಗುರುತನ್ನು ಅವಳು ಕೈಯಲ್ಲಿ ಹಿಡಿದು ನೋಡಿದಳು. ಇಂದಿರ ಠಾಕ್ರುಣಳಿಗೆ ಗಂಡನೆಂಬ ಹೆಸರು ಮಾತ್ರ ದೊರೆಯಿತು. ದುರ್ಗೆಗೆ ಬರಿದಾದ ಭರಣಿ ಮಾತ್ರ ದೊರೆಯಿತು. ಮೊದಲ ಭಾಗದ ಮುದುಕಿಗೂ ಎರಡನೆಯ ಭಾಗದ ಬಾಲಿಕೆಗೂ ಇರುವ ಸಂಬಂಧ ಈ ಚಿಕ್ಕ ವಸ್ತುವಿನಿಂದ ಬೆಸೆದುಕೊಳ್ಳುತ್ತದೆ.

೮

ಒಂದು ಆಕ್ಷೇಪವನ್ನು ಪರಿಶೀಲಿಸಬೇಕಾಗಿದೆ. ಈ ಕೃತಿ ಬಡತನವನ್ನು ಕಾಡುಹೂವುಗಳ ನಡುವೆ ಇಟ್ಟು ಸುಂದರವಾಗಿ ತೋರಿಸಿದೆ, ಹಸಿವಿನ ಕಾರಣಗಳನ್ನು ಪ್ರಶ್ನಿಸುವುದಿಲ್ಲ ಎಂಬುದು ಆ ಆಕ್ಷೇಪ. ಇದರಲ್ಲಿ ಸ್ವಲ್ಪ ಸತ್ಯವಿದೆ. ಜಮೀನುದಾರಿಯ ವಿರುದ್ಧವಾಗಲಿ ಸಾಲಿಗರ ವಿರುದ್ಧವಾಗಲಿ ವಾದಿಸುವ ಕಾದಂಬರಿ ಇದಲ್ಲ. ಆದರೆ ಬಡತನ ಸುಂದರವೆಂದು ಇಲ್ಲಿ ಎಲ್ಲಿಯೂ ಹೇಳಿಲ್ಲ. ಸುಂದರವಾಗಿರುವುದು ಇಚ್ಛಾಮತಿಯ ದಡ, ಮತ್ತು ಅದನ್ನು ನೋಡುವ ಮಗುವಿನ ಕಣ್ಣು. ಗಂಡ ದೂರದಲ್ಲಿರುವಾಗ ಮನೆಯ ವಸ್ತುಗಳನ್ನು ಕೊಟ್ಟು ಅಕ್ಕಿಯನ್ನು ತರುವ ಸರ್ವಜಯೆಯ ಸ್ಥಿತಿ, ಮಳೆಬಿರುಗಾಳಿಯ ರಾತ್ರಿಯಲ್ಲಿ ಸೋರುವ ಮನೆಯಲ್ಲಿ ಜ್ವರದ ಮಗಳನ್ನು ಅವಳು ಕಾಯುವುದು, ಮಗಳು ಸತ್ತ ಸುದ್ದಿಯನ್ನರಿಯದ ಹರಿಹರ ಅವಳಿಗಾಗಿ ಸೀರೆಯನ್ನು ಕೊಂಡುತರುವುದು, ಇವುಗಳಲ್ಲಿ ಯಾವ ಅಲಂಕಾರವೂ ಇಲ್ಲ.

ಮೂರನೆಯ ಭಾಗ ಈ ಆಕ್ಷೇಪಕ್ಕೆ ಹೆಚ್ಚು ಬಲವಾದ ಉತ್ತರವನ್ನು ಕೊಡುತ್ತದೆ. ಸಿರಿವಂತರ ಮನೆಯಲ್ಲಿ ಅಪು ಬೆತ್ತದೇಟನ್ನು ತಿನ್ನುತ್ತಾನೆ. ಹಳ್ಳಿಯ ಬಡತನದಲ್ಲಿ ಅವನು ಬಡವನಾಗಿದ್ದರೂ ತನ್ನ ಮನೆಯ ಮಗನಾಗಿದ್ದನು. ಇಲ್ಲಿ ಅವನು ಅಡುಗೆಯವಳ ಮಗ. ಕಾಡು, ಹೊಳೆ, ಅಕ್ಕ, ತಂದೆ ಎಲ್ಲವನ್ನೂ ಕಳೆದುಕೊಂಡ ಮೇಲೆ ಉಳಿದ ಬಡತನ ಬರಿಯ ಬಡತನವೇ. ಹಳ್ಳಿಯ ಚೆಲುವು ಬಡತನವನ್ನು ಮುಚ್ಚಿರಲಿಲ್ಲ, ಅದನ್ನು ತಾಳಿಕೊಳ್ಳುವಂತೆ ಮಾಡಿತ್ತು ಎಂಬುದು ಆಗ ನಮಗೆ ತಿಳಿಯುತ್ತದೆ. ನಿಶ್ಚಿಂದಿಪುರಕ್ಕೆ ಮರಳಬೇಕೆಂದು ಅಪು ಹಂಬಲಿಸುತ್ತಾನೆ. ಪಥದ ದೇವತೆ ನಸುನಕ್ಕು, ದಾರಿ ನಿನ್ನ ಊರಿನ ಬಿದಿರುಮೆಳೆಯಲ್ಲಿ ಮುಗಿಯುವುದಿಲ್ಲ, ಮುಂದೆ ನಡೆ ಎಂಬರ್ಥದಲ್ಲಿ ಉತ್ತರಿಸುವುದರೊಡನೆ ಗ್ರಂಥ ಸಮಾಪ್ತಿಯಾಗುತ್ತದೆ. ಯುರೋಪಿನ ಬೆಳವಣಿಗೆಯ ಕಾದಂಬರಿಗಳಲ್ಲಿ ನಾಯಕನು ಸಾಮಾನ್ಯವಾಗಿ ಸಮಾಜದಲ್ಲಿ ತನ್ನ ಸ್ಥಾನವನ್ನು ಕಂಡುಕೊಳ್ಳುವುದರೊಡನೆ ಕಥೆ ಮುಗಿಯುತ್ತದೆ. ಇಲ್ಲಿ ಸ್ಥಾನ ದೊರೆಯಲಿಲ್ಲ, ದಾರಿ ಮಾತ್ರ ದೊರೆಯಿತು.

ದಾರಿ ಜೀವನದ ಪ್ರತೀಕವೆಂದು ಆರಂಭದಲ್ಲಿ ಕಂಡ ಉತ್ತರಕ್ಕೆ ಈಗ ಅರ್ಥ ಬರುತ್ತದೆ. ಬಿದಿರುಮೆಳೆ ಬರಿಯ ಪ್ರಕೃತಿಯಾಗಿ ಉಳಿದಿಲ್ಲ; ಅದರೊಳಗೆ ಕರ್ಣನ ಯುದ್ಧದಾಟವೂ ಇದೆ, ಅಕ್ಕನ ಭರಣಿಯೂ ಇದೆ. ಹಿಂದಿರುಗಿ ಹೋದರೆ ಅಪುವಿಗೆ ಅಲ್ಲಿ ಕಾದಿರುವುದು ಬಾಲ್ಯದ ಜೊತೆಗೆ ತಾನೇ ಎಸೆದು ಮುಚ್ಚಿದ ಆ ಗುಟ್ಟು. ಮರಳುವ ದಾರಿಯನ್ನು ಪಥದೇವತೆಗಿಂತ ಮೊದಲು ಅವನ ಮೌನವೇ ಮುಚ್ಚಿತ್ತು.

ಅಧ್ಯಾಪಕ ಮಿತ್ರರಲ್ಲಿ ಒಂದು ವಿಜ್ಞಾಪನೆ. ಈ ಕೃತಿಯನ್ನು ಪಾಠ ಹೇಳುವಾಗ ಇದರಲ್ಲಿ ಯಾವ ಯಾವ ಪ್ರತೀಕಗಳಿವೆಯೆಂಬ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಮೊದಲು ಕೇಳಬೇಕಾದ ಪ್ರಶ್ನೆಗಳು ಇವು: ಈ ವಸ್ತುವಿನ ಬೆಲೆಯೆಷ್ಟು? ಅದು ಯಾರ ಮನೆಯಲ್ಲಿತ್ತು? ಯಾರಿಗೆ ಇರಲಿಲ್ಲ? ಅದನ್ನು ಯಾರು ಯಾರಿಂದ ಬಚ್ಚಿಟ್ಟರು? ಈ ನಾಲ್ಕು ಪ್ರಶ್ನೆಗಳಿಗೆ ಪಠ್ಯದಿಂದಲೇ ಉತ್ತರವನ್ನು ತೆಗೆದ ವಿದ್ಯಾರ್ಥಿಗೆ ಪ್ರತೀಕದ ಅರ್ಥವನ್ನು ಬೇರೆಯಾಗಿ ಹೇಳಿಕೊಡಬೇಕಾದ ಪ್ರಸಂಗ ಬರಲಾರದು.